ಐದು ಹಕ್ಕಿ, ನೂರೈದು ಮರ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾವೇರಿಯಲ್ಲಿ ಒಂದು ಮೀನಿದೆ. ಬೆನ್ನು ಗೂನಿನ ಹಾಗೆ ಉಬ್ಬಿರುತ್ತದೆ, ಈಜುರೆಕ್ಕೆ ಕಿತ್ತಳೆ ಬಣ್ಣ. ಹೊಳೆಸಾಲಿನವರು ಇದರ ಜಾತಿಯನ್ನು ಬಿಳಿ ಮೀನು ಅನ್ನುತ್ತಾರೆ, ಪುಸ್ತಕಗಳಲ್ಲಿ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕೆ.ಜಿ. ಇಷ್ಟು ದೊಡ್ಡ, ಇಷ್ಟು ಹೆಸರುವಾಸಿ ಮೀನು. ಆದರೆ ಇದಕ್ಕೆ ಸಲ್ಲುವ ವೈಜ್ಞಾನಿಕ ಹೆಸರು ಯಾವುದು ಅನ್ನುವುದು 2018ರವರೆಗೆ ಇತ್ಯರ್ಥವಾಗಿರಲಿಲ್ಲ.

ಹೆಸರಿಲ್ಲದಿದ್ದರೆ ಏನಂತೆ ಅಂತ ಕೇಳಬಹುದು. ತೊಂದರೆ ಇದೆ. ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಒಂದು ಪ್ರಾಣಿಯನ್ನು ಸೇರಿಸಬೇಕಾದರೆ ಮೊದಲು ಅದು ಯಾವುದು ಅಂತ ಗೊತ್ತಾಗಬೇಕು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಕಾವೇರಿಯಲ್ಲಿ ಹೆಚ್ಚುತ್ತಿತ್ತು, ಇದು ಕಡಿಮೆಯಾಗುತ್ತಿತ್ತು. ಎರಡನ್ನೂ ಮಹಶೀರ್ ಅಂತ ಒಟ್ಟಿಗೆ ಎಣಿಸಿದರೆ ಹೊಳೆ ತುಂಬಾ ಮೀನಿದೆ ಅಂತಲೇ ಕಾಣುತ್ತದೆ, ಅಲ್ವಾ?

2018ರಲ್ಲಿ ಸಂಶೋಧಕರ ಒಂದು ತಂಡ ಮೀನಿನ ಮೈಕಟ್ಟನ್ನೂ ಡಿಎನ್ಎಯನ್ನೂ ಹೋಲಿಸಿ ನೋಡಿತು. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಮೀನಿಗೆ 2007ರಲ್ಲಿ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದರು. ಪಾಂಬಾರ್ ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ಹೊಳೆ. ನಮ್ಮ ಗೂನು ಬೆನ್ನಿನ ಮೀನೂ ಅದೇ ಅಂತ ತೀರ್ಮಾನವಾಯಿತು. ಅದೇ ವರ್ಷ ಇದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಆ ಪ್ರಬಂಧ ಬಂದದ್ದು ಪ್ಲಾಸ್ ಒನ್ ಎಂಬ ಮುಕ್ತ ಪತ್ರಿಕೆಯಲ್ಲಿ. ಮೊಬೈಲ್ ಇರುವ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು.

ಡಿಎನ್ಎ ಹೋಲಿಸುವುದು ಅಂದರೆ ಕೊನೆಗೆ ಒಂದು ವಂಶವೃಕ್ಷ ಬರೆಯುವುದು. ಯಾರು ಯಾರಿಗೆ ಹತ್ತಿರದ ನೆಂಟರು ಅಂತ ತೋರಿಸುವ ಮರ. ಮೂರು ಜೀವಿಗಳಿದ್ದರೆ ಈ ಮರವನ್ನು ಮೂರು ಬಗೆಯಲ್ಲಿ ಬರೆಯಬಹುದು. ನಾಲ್ಕಾದರೆ 15 ಬಗೆ, ಐದಾದರೆ 105. ಹತ್ತಕ್ಕೆ ಬಂದರೆ 3,44,59,425. ಇಪ್ಪತ್ತು ಜೀವಿಗಳಿಗೆ ಎಷ್ಟು ಮರ ಗೊತ್ತಾ? ಎಂಟರ ಮುಂದೆ 21 ಸೊನ್ನೆ ಹಾಕಿದರೂ ಸಾಲದು. ಸೆಕೆಂಡಿಗೆ ಹತ್ತು ಲಕ್ಷ ಮರ ನೋಡುವ ಕಂಪ್ಯೂಟರ್ ಎಲ್ಲವನ್ನೂ ನೋಡಿ ಮುಗಿಸಲು 25 ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು.

ಆದ್ದರಿಂದ ಎಲ್ಲ ಮರಗಳನ್ನೂ ಯಾರೂ ನೋಡುವುದಿಲ್ಲ. ಒಂದು ಮರದಿಂದ ಶುರುಮಾಡಿ, ಒಂದು ಕೊಂಬೆ ಕಿತ್ತು ಬೇರೆ ಕಡೆ ಅಂಟಿಸಿ, ಡಿಎನ್ಎಗೆ ಮೊದಲಿಗಿಂತ ಚೆನ್ನಾಗಿ ಹೊಂದುತ್ತದೆಯಾ ಅಂತ ನೋಡುತ್ತಾರೆ. ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಮಂಜು ಮುಸುಕಿದಾಗ ಚಾಮುಂಡಿ ಬೆಟ್ಟದ ಬುಡದಿಂದ ದಾರಿ ಕಾಣದೆ ಹತ್ತಿದ ಹಾಗೆ ಇದು. ಪ್ರತಿ ಹೆಜ್ಜೆಯೂ ಮೇಲಕ್ಕೇ ಇರಬೇಕು ಅಂತ ಹಟ ಹಿಡಿದರೆ ಪಕ್ಕದ ಒಂದು ದಿಣ್ಣೆ ಹತ್ತಿ ಅಲ್ಲೇ ನಿಂತುಬಿಡುತ್ತೀರಿ, ಅಲ್ಲಿಂದ ಎತ್ತ ಹೋದರೂ ಇಳಿಜಾರೇ. ಇದಕ್ಕೆ ಪರಿಹಾರ ಬಂದದ್ದು ಜೀವಶಾಸ್ತ್ರದಿಂದಲ್ಲ. 1983ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಇಬ್ಬರು ಸಂಗಡಿಗರು, ಕಾದ ಲೋಹ ನಿಧಾನವಾಗಿ ಆರುವುದನ್ನು ಮಾದರಿಯಾಗಿಟ್ಟುಕೊಂಡು ಒಂದು ಲೆಕ್ಕದ ವಿಧಾನ ಕೊಟ್ಟರು. ಮೊದಮೊದಲು ಕೆಳಗಿಳಿಯುವುದಕ್ಕೂ ಅವಕಾಶ ಕೊಡು, ಬರಬರುತ್ತಾ ಬಿಗಿ ಮಾಡು. ಇದನ್ನು ಮರ ಕಟ್ಟುವವರೂ ತೆಗೆದುಕೊಂಡರು.

ಕೊಡುಕೊಳ್ಳುವಿಕೆ ಇನ್ನೊಂದು ದಿಕ್ಕಿನಲ್ಲೂ ನಡೆದಿದೆ. ಇರುವೆಗಳು ನಡೆದ ದಾರಿಯಲ್ಲಿ ವಾಸನೆ ಬಿಟ್ಟು ಹೋಗುತ್ತವೆ. ಹತ್ತಿರದ ದಾರಿಯಲ್ಲಿ ಓಡಾಟ ಜಾಸ್ತಿ, ವಾಸನೆಯೂ ಜಾಸ್ತಿ, ಉಳಿದವು ಅದರ ಹಿಂದೆ ಹೋಗುತ್ತವೆ. 1992ರಲ್ಲಿ ಮಾರ್ಕೋ ಡೊರಿಗೊ ಎಂಬ ಕಂಪ್ಯೂಟರ್ ವಿಜ್ಞಾನಿ ಇದನ್ನೇ ಒಳ್ಳೆಯ ಉತ್ತರ ಹುಡುಕುವ ಕಂಪ್ಯೂಟರ್ ವಿಧಾನವಾಗಿ ಬರೆದರು. 1995ರಲ್ಲಿ ಹಕ್ಕಿ ಹಿಂಡಿನ ಹಾರಾಟ ನೋಡಿ ಇನ್ನೊಂದು ಬಂತು. ಆಮೇಲೆ ತೋಳ, ಬಾವಲಿ, ಮಿಣುಕುಹುಳ, ಕೋಗಿಲೆ ಅಂತ ಸಾಲುಸಾಲಾಗಿ ಬಂದವು. ಇದು ನನಗೆ ನಿಜಕ್ಕೂ ಬೇಸರದ ವಿಷಯ. 2020ರಲ್ಲಿ ಅದೇ ಡೊರಿಗೊ ಮತ್ತು ಸಹೋದ್ಯೋಗಿಗಳು ತೋಳ, ಬಾವಲಿ, ಮಿಣುಕುಹುಳದ ಹೆಸರಿನ ಮೂರು ವಿಧಾನಗಳನ್ನು ಬಿಡಿಸಿ ನೋಡಿದರು. ಒಳಗಿದ್ದದ್ದು 1995ರ ಹಕ್ಕಿ ಹಿಂಡಿನ ಲೆಕ್ಕದ್ದೇ ರೂಪಾಂತರ. ಹೊಸದೇನೂ ಇರಲಿಲ್ಲ. ಕಾವೇರಿಯಲ್ಲಿ ಬೇರೆ ಬೇರೆ ಮೀನುಗಳು ಒಂದೇ ಹೆಸರಿನಲ್ಲಿ ಬೆರೆತುಹೋಗಿದ್ದವು, ಇಲ್ಲಿ ಒಂದೇ ಲೆಕ್ಕಕ್ಕೆ ಮೂರು ಹೆಸರು. ಅಲ್ಲೂ ಇಲ್ಲೂ ಗೋಜಲು ಬಿಡಿಸಿದ ಕೆಲಸ ಒಂದೇ ಬಗೆಯದು. ಹೆಸರನ್ನು ಪಕ್ಕಕ್ಕಿಟ್ಟು, ಒಳಗಿನ ಗುಣ ನೋಡಿ, ನಿಜವಾದ ನೆಂಟಸ್ತಿಕೆ ಹುಡುಕಿದರು.

ಹಾಗೆ ಪರೀಕ್ಷೆ ಮಾಡಬೇಕಾದರೆ ಪ್ರಬಂಧ, ದತ್ತಾಂಶ, ಪ್ರೋಗ್ರಾಮು ಎಲ್ಲವೂ ಕೈಗೆ ಸಿಗಬೇಕು. ಪ್ರಬಂಧಗಳ ಮಟ್ಟಿಗೆ 2002ರಲ್ಲಿ ಬುಡಾಪೆಸ್ಟ್ ಘೋಷಣೆ ಕೇಳಿದ್ದು ಇದನ್ನೇ: ಸಂಶೋಧನಾ ಪ್ರಬಂಧಗಳು ಎಲ್ಲರಿಗೂ ತೆರೆದಿರಲಿ. ನಮ್ಮಲ್ಲಿ 2025ರಿಂದ ಒಂದು ದೇಶ ಒಂದು ಚಂದಾ ಯೋಜನೆ ಬಂದಿದೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಸಾವಿರಾರು ಪತ್ರಿಕೆಗಳು ಸಿಗುತ್ತವೆ. ತುಂಬಾ ಒಳ್ಳೆಯದು. ಆದರೆ ಪಾಂಡವಪುರದಲ್ಲಿರುವ ನಿವೃತ್ತ ಮೇಷ್ಟರಿಗೆ, ಶ್ರೀರಂಗಪಟ್ಟಣದಲ್ಲಿ ಹಕ್ಕಿ ನೋಡುವ ಹುಡುಗಿಗೆ ಅದರಿಂದ ಬಾಗಿಲು ತೆರೆಯುವುದಿಲ್ಲ. ಅವರಿಗೂ ಸಿಗುವುದು ಪೂರ್ತಿ ಮುಕ್ತವಾಗಿ ಪ್ರಕಟವಾದದ್ದು ಮಾತ್ರ. ಹಾಗೆ ಪ್ರಕಟಿಸಲು ಎಷ್ಟೋ ಪತ್ರಿಕೆಗಳು ಲೇಖಕರಿಂದಲೇ ದೊಡ್ಡ ಮೊತ್ತ ಕೇಳುತ್ತವೆ. ಆ ಭಾರ ಸಣ್ಣ ಊರಿನ ಅಧ್ಯಾಪಕರ ಮೇಲೆ ಬೀಳಬಾರದು.

ಮೈಸೂರು, ಮಂಡ್ಯದ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಪ್ರಾಣಿಶಾಸ್ತ್ರದ ಮಕ್ಕಳನ್ನೂ ಕಂಪ್ಯೂಟರ್ ಮಕ್ಕಳನ್ನೂ ಒಂದು ದಿನ ರಂಗನತಿಟ್ಟಿಗೆ ಕರೆದುಕೊಂಡು ಹೋಗಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ, ಬಿಳಿ ಕೆಂಬರಲು, ಈ ಐದು ಹಕ್ಕಿಗಳನ್ನು ತೋರಿಸಿ. ಯಾರು ಯಾರಿಗೆ ನೆಂಟರು ಅಂತ ಕೇಳಿ. ಹೆಜ್ಜಾರ್ಲೆಗೂ ನೀರುಕಾಗೆಗೂ ನಾಲ್ಕೂ ಬೆರಳು ಸೇರಿಸುವ ಜಾಲಪಾದ. ಅದನ್ನು ನೋಡಿ ಹೆಚ್ಚಿನವರು ಅವೆರಡನ್ನೂ ಒಂದೇ ಕೊಂಬೆಗೆ ಹಾಕುತ್ತಾರೆ. ಪಂಡಿತರೂ ಬಹಳ ಕಾಲ ಹಾಗೇ ಹಾಕಿದ್ದರು. ಆಮೇಲೆ ಲ್ಯಾಬಿಗೆ ಬಂದು ಜೆನ್‌ಬ್ಯಾಂಕ್ ಎಂಬ ಮುಕ್ತ ಭಂಡಾರದಿಂದ ಈ ಹಕ್ಕಿಗಳ, ಇಲ್ಲವೇ ಇವುಗಳ ಹತ್ತಿರದ ಬಂಧುಗಳ ಡಿಎನ್ಎ ಇಳಿಸಿಕೊಳ್ಳಿ. ವಂಶವೃಕ್ಷ ಕಟ್ಟುವ ಫಿಲಿಪ್ ಎಂಬ ತಂತ್ರಾಂಶ 1980ರಿಂದ ಬಿಟ್ಟಿ ಸಿಗುತ್ತಿದೆ. ಐದು ಹಕ್ಕಿಗೆ 105 ಮರ ತಾನೇ, ಒಂದನ್ನೂ ಬಿಡದೆ ನೋಡಬಹುದು. ಒಂದೇ ಜೀನ್ ಸಾಲದೆ ಬರಬಹುದು, ಆಗ ಇನ್ನಷ್ಟು ಜೀನ್ ಸೇರಿಸಿ. ಇವತ್ತಿನ ಡಿಎನ್ಎ ಅಧ್ಯಯನಗಳ ಪ್ರಕಾರ ಹೆಜ್ಜಾರ್ಲೆ ಹತ್ತಿರವಾಗುವುದು ಬೆಳ್ಳಕ್ಕಿ, ಕೆಂಬರಲುಗಳಿಗೆ. ನೀರುಕಾಗೆಯ ಕೊಂಬೆ ಬೇರೆ. ನಿಮ್ಮ ಮಕ್ಕಳ ಮರ ಹಾಗೆ ಬಂದರೂ ಸರಿ, ಬರದಿದ್ದರೂ ಸರಿ, ಮರದ ಜೊತೆಗೆ ದತ್ತಾಂಶವನ್ನೂ ಪ್ರೋಗ್ರಾಮನ್ನೂ ಎಲ್ಲರಿಗೂ ಸಿಗುವ ಹಾಗೆ ಇಡಿ. ಮುಂದಿನ ವರ್ಷದ ತರಗತಿ ಅಲ್ಲಿಂದಲೇ ಶುರುಮಾಡಲಿ.

ನಮಸ್ಕಾರ.