ಇವತ್ತು ಯಾರ ಪಾಳಿ?

ಕೇಳುಗ ಮಿತ್ರರಿಗೆ ನಮಸ್ಕಾರ.

ಮಾನವಶಾಸ್ತ್ರದಲ್ಲಿ ಎಂ.ಎ. ಓದುವಾಗ ಕ್ಷೇತ್ರಕಾರ್ಯಕ್ಕೆ ಅಂತ ನಾವು 14 ಜನ ವಿದ್ಯಾರ್ಥಿಗಳು ನೇಪಾಳಕ್ಕೆ ಹೋಗಿದ್ದೆವು. ಯಶವಂತಪುರದಲ್ಲಿ ರೈಲು ಹತ್ತಿ ಗೋರಖ್‌ಪುರದಲ್ಲಿ ಇಳಿದು, ಬಸ್ಸಿನಲ್ಲಿ ಸೋನೌಲಿಗೆ ಬಂದು, ಗಡಿಯನ್ನು ನಡೆದೇ ದಾಟಿದೆವು. ಭಾರತದವರಿಗೆ ಅಲ್ಲಿ ವೀಸಾ ಬೇಡ. ಆಚೆ ಹೋದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ಇಟ್ಟುಕೊಂಡೆವು. ಬೇರೆ ದೇಶಕ್ಕೆ ಬಂದಿದ್ದೇವೆ ಅನ್ನೋದಕ್ಕೆ ಸಿಕ್ಕ ಮೊದಲ ಗುರುತು ಅದೇ.

"ನೇಪಾಳದಾಗ ನಿನಗೇನು ಕೆಲಸ?" ಅಂತ ಊರಲ್ಲಿ ಸುಮಾರು ಜನ ಕೇಳಿದ್ದರು. ನಿಜ ಹೇಳಬೇಕೆಂದರೆ ಕನ್ನಡದವರಿಗೆ ಆ ನಾಡು ಅಷ್ಟೇನೂ ದೂರದ್ದಲ್ಲ. ಕಾಠ್ಮಂಡುವಿನ ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಬಹಳ ಕಾಲದಿಂದ ದಕ್ಷಿಣದವರು. ಅವರಲ್ಲಿ ಕರ್ನಾಟಕದವರೇ ಜಾಸ್ತಿ. 1097ರ ಹೊತ್ತಿಗೆ ಅಲ್ಲಿನ ಬಯಲು ಸೀಮೆಯ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವನದು ಕರ್ಣಾಟ ವಂಶ. ಇದನ್ನೆಲ್ಲ ಓದಿಕೊಂಡೇ ಹೊರಟಿದ್ದೆವು. ನಮ್ಮ ಕೆಲಸ ಇದ್ದದ್ದು ಮಾತ್ರ ಕಾಠ್ಮಂಡು ಕಣಿವೆಯ ಹಳೇ ನಿವಾಸಿಗಳಾದ ನೇವಾರರ ನಡುವೆ. ಹತ್ತು ದಿನ, ಒಂದೇ ಊರು, ಪಾಟನ್. ಅದಕ್ಕೆ ಲಲಿತಪುರ ಅಂತಲೂ ಹೆಸರಿದೆ.

ಮೊದಲ ಮೂರು ದಿನ ಕ್ಯಾಮೆರಾ ತೆಗೆಯಬೇಡಿ, ಪ್ರಶ್ನೆಗಳ ಪಟ್ಟಿಯನ್ನು ಚೀಲದಲ್ಲೇ ಇಡಿ, ಸುಮ್ನೆ ಓಣಿಯಲ್ಲಿ ಕೂತು ನೋಡಿ ಅಂತ ನಮ್ಮ ಮೇಡಂ ಹೇಳಿದರು. ನಮಗೆ ಚಡಪಡಿಕೆ. ಕಣ್ಣೆದುರು ಅಷ್ಟು ಚೆಂದದ ಕೆತ್ತನೆಯ ಕಿಟಕಿಗಳು, ಕೈ ಮಾತ್ರ ಖಾಲಿ. ಆದರೆ ಆ ಮೂರು ದಿನ ನೋಡಿದ್ದೇ ಕೊನೆಗೆ ನನ್ನ ವರದಿಯ ಜೀವ ಆಯಿತು.

ಪಾಟನ್‌ನಲ್ಲಿ ಕ್ವಾ ಬಹಾಲ್ ಎಂಬ ಹಳೆಯ ಬೌದ್ಧ ವಿಹಾರ ಇದೆ. ಪ್ರವಾಸಿಗರು ಅದನ್ನು ಚಿನ್ನದ ದೇವಸ್ಥಾನ ಅನ್ನುತ್ತಾರೆ. ಒಳಗಿನ ಅಂಗಳಕ್ಕೆ ಚರ್ಮದ ವಸ್ತು ಒಯ್ಯುವಂತಿಲ್ಲ. ನಮ್ಮ ಹುಡುಗರು ಬೆಲ್ಟ್ ಬಿಚ್ಚಿಟ್ಟು ಬಂದರು. ಅಂಗಳದಲ್ಲಿ ಆಮೆಗಳು ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದವು. ಗರ್ಭಗುಡಿಯ ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ. ಹತ್ತು ವರ್ಷ ಇರಬಹುದು. ಭುಜದ ಎಲುಬು ಎದ್ದು ಕಾಣುವಷ್ಟು ಸಣಕಲ. ಪೂಜಾರಿಯ ಮಗ ಇರಬೇಕು ಅಂದುಕೊಂಡೆ. ಪಕ್ಕದಲ್ಲಿದ್ದವರು ಹೇಳಿದರು: ಅವನೇ ಪೂಜಾರಿ.

ಆ ವಿಹಾರದ ಪದ್ಧತಿ ಅದು. ಹನ್ನೆರಡು ದಾಟದ ಹುಡುಗ 30 ದಿನ ದೇವರ ಸೇವೆ ಮಾಡುತ್ತಾನೆ. ನೇವಾರರ ಭಾಷೆಯಾದ ನೇವಾರಿಯಲ್ಲಿ ಅಂಥವರಿಗೆ ದ್ಯಃಪಾಲಾ ಅನ್ನುತ್ತಾರೆ. ದ್ಯಃ ಅಂದರೆ ದೇವರು. ತಿಂಗಳು ಮುಗಿದ ಮೇಲೆ ಇನ್ನೊಂದು ಮನೆಯ ಪಾಳಿ. ಹುಡುಗ ನೀರು ತುಂಬಿದ ಹಿತ್ತಾಳೆ ಬಿಂದಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆಗೆ ಆನಿಸಿಕೊಂಡು, ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಟ್ಟ. ಕಲ್ಲಿನ ಮೇಲೆ ಒಂದು ಹನಿಯೂ ಚೆಲ್ಲಲಿಲ್ಲ. ಅಲ್ಲಿದ್ದ ಹಿರಿಯರು ಯಾರೂ ಕೈ ಹಾಕಲಿಲ್ಲ, ನೋಡುತ್ತಾ ನಿಂತರು ಅಷ್ಟೇ. ಅವರೂ ಚಿಕ್ಕವರಿದ್ದಾಗ ಇದೇ ಮೆಟ್ಟಿಲು ಹತ್ತಿದವರು ಅಂತ ಆಮೇಲೆ ಗೊತ್ತಾಯಿತು.

ಪಾಳಿ ಅನ್ನೋ ಮಾತು ನನ್ನ ತಲೆಯಲ್ಲಿ ಕೂತದ್ದು ಅಲ್ಲಿ. ಆಮೇಲೆ ಎಲ್ಲಿ ಹೋದರೂ ಅದೇ ಕಂಡಿತು.

ನೇವಾರರ ಬದುಕು ನಿಂತಿರೋದು ಗುಠಿಯ ಮೇಲೆ. ಗೋಷ್ಠಿ ಅನ್ನೋ ಸಂಸ್ಕೃತ ಪದದಿಂದ ಬಂದ ಹೆಸರು. ಗುಠಿ ಅಂದರೆ ಮನೆತನಗಳ ಕೂಟ, ಒಂದು ಕೆಲಸಕ್ಕೆ ಅಂತ ಕಟ್ಟಿಕೊಂಡದ್ದು. ಒಂದು ಗುಠಿ ದೇವಸ್ಥಾನದ ದೀಪ ನೋಡಿಕೊಂಡರೆ ಇನ್ನೊಂದು ಜಾತ್ರೆಯ ತೇರು ಕಟ್ಟುತ್ತದೆ, ಮತ್ತೊಂದು ನೀರು ಸುರಿಯುವ ಕಲ್ಲಿನ ನಳಿಗೆಯನ್ನು ತೊಳೆದು ಸ್ವಚ್ಛ ಮಾಡುತ್ತದೆ. ಸತ್ತವರನ್ನು ಹೊರುವುದಕ್ಕೇ ಒಂದಿದೆ, ಅದು ಸೀ ಗುಠಿ. ಸದಸ್ಯರ ಮನೆಯಲ್ಲಿ ಸಾವಾದರೆ ಉಳಿದವರು ಬರಲೇಬೇಕು, ಬರದಿದ್ದರೆ ದಂಡ. ಖರ್ಚಿಗೆ ಹಿಂದಿನವರು ಬಿಟ್ಟುಹೋದ ಹೊಲಗದ್ದೆ. ಆ ಜಮೀನು ಕೈಬಿಟ್ಟು ಹೋದ ಕಡೆ ಗುಠಿಯೂ ಸೊರಗಿದೆ. 2019ರ ಜೂನ್‌ನಲ್ಲಿ ಸರ್ಕಾರ ಹೊಸ ಗುಠಿ ಮಸೂದೆ ತಂದಾಗ ಸಾವಿರಾರು ಜನ ಕಾಠ್ಮಂಡುವಿನ ಬೀದಿಗಿಳಿದರು. ಕೊನೆಗೆ ಸರ್ಕಾರ ಮಸೂದೆಯನ್ನು ವಾಪಸ್ ತೆಗೆದುಕೊಂಡಿತು.

ಎಲ್ಲವೂ ಚೆಂದ ಅಂತ ನಾನು ಹೇಳಲಾರೆ. ಗುಠಿಯ ಸದಸ್ಯತ್ವ ಬರೋದು ಹುಟ್ಟಿನಿಂದ, ಕುಲದಿಂದ. ಹೆಚ್ಚಿನ ಕಡೆ ಅದು ಗಂಡಸರದ್ದು. ಹಬ್ಬದ ಅಡುಗೆಗೆ ನಸುಕಿನಿಂದ ದುಡಿಯುವ ಹೆಣ್ಣುಮಕ್ಕಳ ಹೆಸರು ಪಾಳಿಯ ಪಟ್ಟಿಯಲ್ಲಿ ಇಲ್ಲ. ನಮ್ಮ ತಂಡದ ಗೆಳತಿ ಇದನ್ನು ಕೇಳಿಯೇ ಬಿಟ್ಟಳು. ಅಲ್ಲಿನ ಹುಡುಗಿಯರೂ ಅದನ್ನೇ ಕೇಳ್ತಿದ್ದಾರೆ ಅಂತ ಒಬ್ಬ ಹಿರಿಯರು ನಿಧಾನಕ್ಕೆ ಹೇಳಿದರು.

ಇನ್ನು ಪಾಟ್ಕೋ ಓಣಿಯ ಕಥೆ. ಇದನ್ನು ಹೇಳದೆ ಹೋದರೆ ಈ ಮಾತಿಗೆ ಅರ್ಥವೇ ಇಲ್ಲ.

ಆ ಓಣಿಯಲ್ಲಿ ಲಕ್ಷ್ಮೀನಾರಾಯಣನ ಸಣ್ಣ ಗುಡಿ ಇದೆ. ಒಂದೇ ಮೈ, ಅರ್ಧ ವಿಷ್ಣು, ಅರ್ಧ ಲಕ್ಷ್ಮಿ. ನಮ್ಮ ಅರ್ಧನಾರೀಶ್ವರನ ಹಾಗೆ. 1984ರಲ್ಲಿ ಆ ಕಲ್ಲಿನ ವಿಗ್ರಹ ಕಳುವಾಯಿತು. ಆಗ ಕಣಿವೆಯ ತುಂಬಾ ಇಂಥ ಕಳ್ಳತನ. ಲೈನ್ ಸಿಂಗ್ ಬಾಂಗ್ದೆಲ್ ಎಂಬ ಚಿತ್ರಕಲಾವಿದರು ಕಳುವಾದ ವಿಗ್ರಹಗಳ ಫೋಟೋ ಕೂಡಿಸಿ 1989ರಲ್ಲಿ ಪುಸ್ತಕವನ್ನೇ ಮಾಡಿದರು. ಲಕ್ಷ್ಮೀನಾರಾಯಣ ಸಿಕ್ಕಿದ್ದು ಎಲ್ಲಿ ಗೊತ್ತಾ? ಅಮೆರಿಕದ ಡಲ್ಲಾಸ್ ಕಲಾ ಸಂಗ್ರಹಾಲಯದಲ್ಲಿ. 2021ರಲ್ಲಿ ನೇಪಾಳಕ್ಕೆ ವಾಪಸ್ ಬಂತು. ಆ ಡಿಸೆಂಬರ್‌ನಲ್ಲಿ ಜನ ಮೆರವಣಿಗೆ ಮಾಡಿ ತಂದು, ತನ್ನ ಹಳೇ ಜಾಗದಲ್ಲೇ ಕೂರಿಸಿದರು. 37 ವರ್ಷ ಆಗಿತ್ತು.

ನಾನು ಸಂಗ್ರಹಾಲಯದಲ್ಲಿದ್ದಾಗಿನ ಫೋಟೋ ನೋಡಿಕೊಂಡು ಹೋಗಿದ್ದೆ. ತೊಳೆದ ಕಲ್ಲು, ಒಂದೊಂದು ಬೆರಳೂ ಒಡವೆಯೂ ಎಣಿಸುವಷ್ಟು ಸ್ಪಷ್ಟ. ಗುಡಿಯಲ್ಲಿ ನೋಡಿದರೆ ಹಣೆಯ ತುಂಬಾ ಕುಂಕುಮ, ಮೈಗೆ ಬಟ್ಟೆ, ಕಾಲ ಬುಡದಲ್ಲಿ ಅಕ್ಕಿಕಾಳು, ಚೆಂಡುಹೂವಿನ ಎಸಳು. ಕೆತ್ತನೆ ಪೂರ್ತಿ ಕಾಣಲೇ ಇಲ್ಲ. ಕುಂಕುಮ ಕಲ್ಲಿಗೆ ಒಳ್ಳೆಯದಲ್ಲ ಅನ್ನುವವರೂ ಇದ್ದಾರೆ. ತರಗತಿಯಲ್ಲಿ ನಾನೂ ಹಾಗೇ ವಾದ ಮಾಡಿದ್ದೆ.

ಗುಡಿ ಮುಂದೆ ಒಬ್ಬ ಅಜ್ಜಿ ಕೂತಿದ್ದರು. ನೇವಾರಿಯಲ್ಲೂ ಅಜ್ಜಿಗೆ ಅಜಿ ಅನ್ನುತ್ತಾರೆ. ಅದು ಕೇಳಿದಾಗಿನಿಂದ ನಮಗೆ ಅವರ ಜೊತೆ ಸಲುಗೆ ಬಂದುಬಿಟ್ಟಿತ್ತು. ಹಿಂದಿಯಲ್ಲಿ ಕೇಳಿದೆ, "ದೇವರು ಇಲ್ಲದ ಅಷ್ಟು ವರ್ಷ ಏನು ಮಾಡಿದಿರಿ?" ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಬೇರೆ ಕಲ್ಲಿನಲ್ಲಿ ಅಂಥದ್ದೇ ಮೂರ್ತಿ ಮಾಡಿಸಿ ಇಟ್ಟಿದ್ದರು, ಪೂಜೆ ಮಾಡುತ್ತಲೇ ಇದ್ದರು. "ಬೆಳಿಗ್ಗೆ ನೀರು ಹಾಕೋದು ಬಿಡೋಕಾಗುತ್ತಾ?" ಅಂದರು. ನನ್ನ ತರಗತಿಯ ವಾದಕ್ಕೆ ಅಲ್ಲಿ ಜಾಗ ಇರಲಿಲ್ಲ.

ಕಾಠ್ಮಂಡುವಿನಲ್ಲಿ ಒಂದು ದಿನ ಕಾಷ್ಠಮಂಡಪ ನೋಡಿ ಬಂದೆವು. ಆ ಊರಿಗೆ ಹೆಸರು ಕೊಟ್ಟ ಮರದ ಮಂಟಪ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪೂರ್ತಿ ಕುಸಿದಿತ್ತು. ಆ ಹೊತ್ತಿಗೆ ಒಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು, ಸುಮಾರು ಜನ ಸತ್ತರು. ಆಮೇಲೆ ಅಗೆದು ನೋಡಿದರೆ ಅದರ ಪಾಯ 7ನೇ ಶತಮಾನದ್ದು, ಅಂದುಕೊಂಡಿದ್ದಕ್ಕಿಂತ ಎಷ್ಟೋ ಹಳೆಯದು. ಹೊಸ ಮಂಟಪವನ್ನು ಸ್ಥಳೀಯರೇ ಮುಂದೆ ನಿಂತು, ಹಳೇ ಪದ್ಧತಿಯಲ್ಲೇ ಮರ ಜೋಡಿಸಿ ಕಟ್ಟಿದರು. ಆ ಕಂಬಗಳಿಗೆ ಕೈ ಆನಿಸಿ ಸ್ವಲ್ಪ ಹೊತ್ತು ನಿಂತೆ.

ಹೊರಡುವ ಹಿಂದಿನ ರಾತ್ರಿ ಒಂದು ಗುಠಿಯವರು ನಮ್ಮನ್ನು ಊಟಕ್ಕೆ ಕರೆದರು. ಹುಲ್ಲಿನ ಚಾಪೆ ಹಾಸಿ, ವಯಸ್ಸಿನ ಪ್ರಕಾರ ಸಾಲಾಗಿ ಕೂತರು. ತುದಿಯಲ್ಲಿ ಎಲ್ಲರಿಗಿಂತ ಹಿರಿಯರು, ಅವರಿಗೆ ಥಕಾಲಿ ಅನ್ನುತ್ತಾರೆ. ಎಲೆಯಲ್ಲಿ ಮೊದಲು ಬಿದ್ದದ್ದು ಬಜಿ. ಬಜಿ ಅಂದರೆ ನಮ್ಮ ಅವಲಕ್ಕಿಯೇ. ಜೊತೆಗೆ ಕಪ್ಪು ಸೋಯಾ ಕಾಳು, ಶುಂಠಿ, ಕೋಣದ ಮಾಂಸ. ಹತ್ತು ದಿನ ನಾವೇ ಪ್ರಶ್ನೆ ಕೇಳುತ್ತಿದ್ದೆವು. ಆವತ್ತು ಥಕಾಲಿ ನನ್ನ ಕಡೆ ತಿರುಗಿ ಕೇಳಿದರು, "ನಿಮ್ಮೂರಲ್ಲಿ ದೇವರನ್ನು ಯಾರು ಹೊರುತ್ತಾರೆ?"

ನನಗೆ ಗೊತ್ತಿರಲಿಲ್ಲ. ಹಾವೇರಿ ಹತ್ತಿರ ನಮ್ಮೂರು. ಹುಟ್ಟಿದಾಗಿನಿಂದ ಪಲ್ಲಕ್ಕಿ ನೋಡಿದ್ದೇನೆ, ಹೊರುವವರ ಮುಖ ನೋಡಿಲ್ಲ.

ರಾತ್ರಿಯೇ ಅವ್ವನಿಗೆ ಫೋನ್ ಮಾಡಿದೆ. ಅವ್ವ ನಿದ್ದೆಗಣ್ಣಲ್ಲೇ ಒಂದೊಂದೇ ಮನೆ ಹೇಳುತ್ತಾ ಹೋದಳು. ಪಲ್ಲಕ್ಕಿಯ ಮುಂದಿನ ಹೆಗಲು ಇವರದು, ಹಿಂದಿನದು ಅವರದು. ಎಣ್ಣೆ ಇಂಥವರ ಮನೆಯಿಂದ, ಹೂವು ಇಂಥವರ ಮನೆಯಿಂದ. ನಾನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದುಕೊಳ್ಳುತ್ತಾ ಹೋದೆ.

"ದೀವಟಿಗೆ ಯಾರವ್ವಾ?" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. "ದೀವಟಿಗಿ ಹಿಡಿಯೋ ಅಜ್ಜ ಹ್ವಾದ ವರ್ಷ ತೀರಿಕೊಂಡ. ಮಕ್ಕಳು ಊರಾಗಿಲ್ಲ. ಈ ಸಲ ಯಾರು ಹಿಡೀತಾರೋ ಗೊತ್ತಿಲ್ಲ," ಅಂದಳು.

ಆ ಸಾಲನ್ನೂ ಹಾಗೇ ಬರೆದುಕೊಂಡೆ. ಬರುವ ತಿಂಗಳು ನಮ್ಮೂರ ಜಾತ್ರೆ. ಎರಡು ದಿನ ಮುಂಚೆಯೇ ಹೋಗ್ತಿದ್ದೇನೆ.

ನಮಸ್ಕಾರ.