ಹೆಸರು ಬರೆಯದ ಮುಯ್ಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರು ಒಬ್ಬರು ಕೂತಿರುತ್ತಾರೆ, ಅಲ್ವಾ? ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ನಾಳೆ ಅವರ ಮನೆ ಮದುವೆಗೆ ಹೋಗುವಾಗ ಆ ಪುಟ ತಿರುವಿ ನೋಡಬೇಕಲ್ಲ! ಹೆಸರು ಬರೆದಿದೆ ಅಂದಮೇಲೆ ತಿರುಗಿ ಕೊಡುವುದು ದೊಡ್ಡ ಮಾತೇನಲ್ಲ. ಹೆಸರೇ ಬರೆಯದಿದ್ದರೆ?

ಅಮೆರಿಕದ ಜಾಯ್ಸ್ ಬರ್ಗ್, ಜಾನ್ ಡಿಕ್‌ಹೌಟ್ ಮತ್ತು ಕೆವಿನ್ ಮೆಕ್‌ಕೇಬ್ ಎಂಬ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಅವರ ಬರಹ ಬಂದದ್ದು 1995ರಲ್ಲಿ.

ಎರಡು ಕೋಣೆ. ಎರಡರಲ್ಲೂ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಪ್ರತಿಯೊಬ್ಬರ ಕೈಗೂ 10 ಡಾಲರ್. ಮೊದಲ ಕೋಣೆಯವರು ಅದರಲ್ಲಿ ತಮಗೆ ತೋಚಿದಷ್ಟನ್ನು ಎರಡನೇ ಕೋಣೆಯ ಒಬ್ಬರಿಗೆ ಕಳಿಸಬಹುದು. ದಾರಿಯಲ್ಲಿ ಆ ದುಡ್ಡು ಮೂರು ಪಟ್ಟಾಗುತ್ತದೆ. 5 ಕಳಿಸಿದರೆ 15 ತಲುಪುತ್ತದೆ. ಪಡೆದವರು ಮನಸ್ಸಿದ್ದರೆ ಸ್ವಲ್ಪ ವಾಪಸ್ ಕಳಿಸಬಹುದು. ಇಲ್ಲವೆಂದರೆ ಪೂರ್ತಿ ಜೇಬಿಗೆ. ಕೇಳುವವರಿಲ್ಲ. ಯಾರಿಗೆ ಯಾರು ಜೋಡಿ ಅಂತ ಅವರಿಗೂ ಗೊತ್ತಿಲ್ಲ. ಯಾರು ಏನು ಮಾಡಿದರು ಅಂತ ಪರೀಕ್ಷೆ ನಡೆಸಿದವರಿಗೂ ತಿಳಿಯದ ಹಾಗೆ ಲಕೋಟೆಗಳ ಏರ್ಪಾಡು. ನನಗೆ ಇಡೀ ಪ್ರಯೋಗದಲ್ಲಿ ತುಂಬ ಹಿಡಿಸಿದ್ದು ಈ ಲಕೋಟೆಗಳೇ. ನೋಡುವವರಿದ್ದಾರೆ ಅಂದರೆ ನಾವೆಲ್ಲ ಒಳ್ಳೆಯವರೇ ತಾನೇ!

ಬರೀ ಸ್ವಂತ ಲಾಭ ನೋಡುವವರು ಬಂದ ದುಡ್ಡನ್ನು ಯಾಕೆ ಹಿಂತಿರುಗಿಸುತ್ತಾರೆ? ಅದು ಗೊತ್ತಿದ್ದವರು ಕಳಿಸಲೇಬಾರದು. ಆದರೆ 32 ಜನರಲ್ಲಿ 30 ಜನ ಕಳಿಸಿದರು. ಸರಾಸರಿ 5.16 ಡಾಲರ್. ಐದು ಜನವಂತೂ ಇದ್ದ ಹತ್ತನ್ನೂ ಕಳಿಸಿಬಿಟ್ಟರು.

ವಾಪಸ್ ಬಂದದ್ದು? ಸರಾಸರಿ 4.66. ಬಡ್ಡಿ ಹಾಗಿರಲಿ, ಅಸಲೇ ಪೂರ್ತಿ ಬರಲಿಲ್ಲ. ಕೆಲವರಿಗೆ ಕಳಿಸಿದ್ದಕ್ಕಿಂತ ಜಾಸ್ತಿ ಬಂತು, ಕೆಲವರಿಗೆ ಬಿಡಿಗಾಸೂ ಇಲ್ಲ. ಇನ್ನೊಂದು ಥರದ ಮುಯ್ಯಿ, ಅಂದರೆ ಸೇಡು, ತೀರಿಸಿಕೊಳ್ಳೋಣ ಅಂದರೂ ಯಾರ ಮೇಲೆ?

ಆಮೇಲೆ ಹೊಸಬರನ್ನು ಕರೆಸಿದರು, 28 ಜೋಡಿ. ಆಟಕ್ಕೆ ಮೊದಲೇ ಹಿಂದಿನವರು ಕಳಿಸಿದ್ದೆಷ್ಟು, ಅವರಿಗೆ ಬಂದದ್ದೆಷ್ಟು ಅನ್ನುವ ಲೆಕ್ಕ ತೋರಿಸಿದರು. ಸುಳ್ಳು ಯಾಕೆ ಹೇಳಲಿ, ಆ ಲೆಕ್ಕ ನೋಡಿದ್ದರೆ ನಾನು ಕೈ ಬಿಗಿ ಹಿಡಿಯುತ್ತಿದ್ದೆ. ಇವರು ಸರಾಸರಿ 5.36 ಕಳಿಸಿದರು. ಜೋಡಿಗಳು ಕಡಿಮೆ, ಇದೊಂದನ್ನೇ ನಂಬಿ ಕುಣಿಯುವುದು ಬೇಡ. ಆದರೂ ಈ ಸಲ ವಾಪಸ್ ಬಂದದ್ದು ಸರಾಸರಿ 6.46.

ನಮಸ್ಕಾರ.