ಗುರುತು ಹಿಡಿದ ಕೈ

ಕೇಳುಗರಿಗೆಲ್ಲ ನಮಸ್ಕಾರ. ಮುಂಬಯಿಯ ಅಡುಗೆಮನೆಗಳಲ್ಲಿ, ಹೋಟೆಲಿನ ಗಲ್ಲಾ ಪಕ್ಕದಲ್ಲಿ ರೇಡಿಯೊ ಹಾಕಿಕೊಂಡು ಕೂತ ನಿಮಗೆ ಇವತ್ತು ಒಂದೇ ಸಿನಿಮಾದ ಬಗ್ಗೆ ಹೇಳುತ್ತೇನೆ. ಚಾರ್ಲಿ ಚಾಪ್ಲಿನ್ನರ 'ಸಿಟಿ ಲೈಟ್ಸ್'. ಬಂದದ್ದು 1931ರಲ್ಲಿ. ಅಷ್ಟರಲ್ಲಿ ಸಿನಿಮಾ ಮಾತು ಕಲಿತಾಗಿತ್ತು. ಚಾಪ್ಲಿನ್ ಮಾತ್ರ ಹಟ ಹಿಡಿದು ಮೂಕಿ ಚಿತ್ರವನ್ನೇ ಮಾಡಿದರು.

ಇದನ್ನು ಸುಮ್ನೆ ನಗೆಚಿತ್ರ ಅನ್ನುತ್ತಾರೆ. ಹೌದು, ನಗು ಜಾಸ್ತಿಯೇ ಇದೆ. ಆದರೆ ನೀವು ಒಂದೇ ಒಂದು ವಿಷಯ ಗಮನಿಸಿ: ಯಾರು ಯಾರ ಗುರುತು ಹಿಡಿಯುತ್ತಾರೆ?

ಶುರುವಿನಲ್ಲೇ ಊರಿನ ದೊಡ್ಡವರು 'ಶಾಂತಿ ಮತ್ತು ಸಮೃದ್ಧಿ'ಯ ಪ್ರತಿಮೆಗೆ ಹೊದಿಸಿದ ಬಟ್ಟೆ ಸರಿಸುತ್ತಾರೆ. ನೋಡಿದರೆ ಅದರ ಮಡಿಲಲ್ಲಿ ಮನೆಯಿಲ್ಲದ ಅಲೆಮಾರಿ ಮಲಗಿದ್ದಾನೆ! ಮುಂದೆ ಅವನು ಸಾಯಲು ಹೊರಟ ಒಬ್ಬ ಕೋಟ್ಯಧೀಶನನ್ನು ಉಳಿಸುತ್ತಾನೆ. ಕುಡಿದಾಗ ಆ ಸಾಹುಕಾರ ಇವನನ್ನು ತಬ್ಬಿಕೊಂಡು ಮನೆಗೆ ಕರೆದೊಯ್ಯುತ್ತಾನೆ. ಬೆಳಿಗ್ಗೆ ಅಮಲು ಇಳಿದರೆ, ಇವನ್ಯಾರು, ಆಚೆ ಹಾಕಿ ಅನ್ನುತ್ತಾನೆ.

ಈ ದೃಶ್ಯ ಬಂದಾಗ ನನಗೆ ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆ ನೆನಪಾಗುತ್ತದೆ. ಅಲ್ಲಿ ನಾನು ಪಾಠ ಹೇಳುತ್ತಿದ್ದೆ. ಹುಡುಗರೆಲ್ಲ ಉಡುಪಿ, ಕುಂದಾಪುರದ ಕಡೆಯವರು. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಅಲ್ಲೇ ಬೆಂಚು ಜೋಡಿಸಿ ಮಲಗುವವರು. ಒಂದು ಶನಿವಾರ ಗೆಳೆಯನೊಬ್ಬ ಪ್ರೊಜೆಕ್ಟರ್ ತಂದ. ಕರಿಹಲಗೆಯ ಮೇಲೆ ನನ್ನ ಬಿಳಿ ಪಂಚೆ ಕಟ್ಟಿ ಇದೇ ಚಿತ್ರ ತೋರಿಸಿದೆವು. ಸಾಹುಕಾರ ಮುಖ ತಿರುಗಿಸಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಕೂಗಿದ, "ಸರ್, ಇವ್ರು ನಮ್ಮ ಹೋಟ್ಲಿಗೂ ಬರ್ತಾರೆ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ದಿನಾ "ಮಾಣಿ, ಒಂದು ಕಡಕ್ ಚಾ" ಅನ್ನುವ ಗಿರಾಕಿ, ಲೋಕಲ್ ಟ್ರೇನಿನಲ್ಲಿ ಎದುರೇ ಕೂತರೂ ಇವನನ್ನು ಗುರುತಿಸಿರಲಿಲ್ಲವಂತೆ.

ಕೊನೆಯ ದೃಶ್ಯಕ್ಕೆ ಯಾರೂ ನಗಲಿಲ್ಲ. ಹೂ ಮಾರುವ ಕುರುಡು ಹುಡುಗಿ ಈ ಅಲೆಮಾರಿಯನ್ನು ಶ್ರೀಮಂತ ಅಂದುಕೊಂಡಿರುತ್ತಾಳೆ. ಇವನು ತಂದುಕೊಟ್ಟ ದುಡ್ಡಿನಿಂದಲೇ ಅವಳಿಗೆ ಕಣ್ಣು ಬಂದಿರುತ್ತದೆ. ಆದರೆ ಎದುರಿಗೆ ನಿಂತ ಹರಕು ಬಟ್ಟೆಯವನು ಅವನೇ ಅಂತ ಅವಳಿಗೆ ಗೊತ್ತಾಗುವುದಿಲ್ಲ. ಪಾಪ ಅಂತ ಅವನ ಅಂಗೈಗೆ ನಾಣ್ಯ ಒತ್ತುತ್ತಾಳೆ. ಅವಳ ಬೆರಳು ಅವನ ಕೈಮೇಲೆ ತಡೆಯುತ್ತದೆ. ನಿಧಾನವಾಗಿ ತಡವುತ್ತಾಳೆ. "ನೀವಾ?" ಕಣ್ಣಿಗೆ ಸಿಗದ ಗುರುತು ಕೈಗೆ ಸಿಕ್ಕಿತು, ಅಲ್ವಾ?

ರೀಲು ಮುಗಿದು ಪಟಪಟ ಬಡಿಯುತ್ತಿತ್ತು. ಹಿಂದಿನ ಸಾಲಿನಿಂದ ಕೂಗಿದ್ದ ಆ ಹುಡುಗ ಎದ್ದು ಬಂದ. ಇಡೀ ದಿನ ನೀರಲ್ಲಿದ್ದು ಅವನ ಬೆರಳೆಲ್ಲ ಬಿಳಿಚಿ ಸುಕ್ಕಾಗಿತ್ತು. "ಕೊನೇದು ಇನ್ನೊಂದ್ಸಲ ಹಾಕ್ತೀರಾ ಸರ್?" ಅಂದ. ರೀಲು ಹಿಂದಕ್ಕೆ ಸುತ್ತಿ ಹಾಕಿದೆವು.

ಬಾಕ್ಸಿಂಗ್ ದೃಶ್ಯದ ಬಗ್ಗೆ ಹೇಳಬೇಕಿತ್ತು, ಸಮಯ ಮುಗಿಯಿತು. ಇಷ್ಟು ತಿಳಿದಿರಲಿ, ಚಾಪ್ಲಿನ್ ಏಳನೇ ವಯಸ್ಸಿಗೇ ಲಂಡನ್ನಿನಲ್ಲಿ ನಿರ್ಗತಿಕರನ್ನು ಇಡುವ ವರ್ಕ್‌ಹೌಸ್ ಸೇರಿದ್ದವರು. ದಯವಿಟ್ಟು ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ನೋಡಿ ಬಿಡಬೇಡಿ. ಪೂರ್ತಿ ನೋಡಿದರೂ ಒಂದೂವರೆ ಗಂಟೆ ಆಗುವುದಿಲ್ಲ. ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಆ ಕೈ ಬರುವವರೆಗೆ ಏಳಬೇಡಿ. ನಮಸ್ಕಾರ.